ಪ್ರಾಸ್ಟೇಟ್ ನೋವು: ಯಾವ ಔಷಧ, ಯಾರಿಗೆ, ಎಷ್ಟು ದಿನ?

ಕಿಬ್ಬೊಟ್ಟೆಯಲ್ಲಿ ಮಂದವಾದ ನೋವು, ಮೂತ್ರ ವಿಸರ್ಜಿಸುವಾಗ ಉರಿ, ಕುರ್ಚಿಯಲ್ಲಿ ಬಹಳ ಹೊತ್ತು ಕುಳಿತರೆ ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಭಾಗದಲ್ಲಿ ಒತ್ತಿದಂತಹ ಯಾತನೆ, ಸ್ಖಲನದ ನಂತರ ಮತ್ತಷ್ಟು ಹೆಚ್ಚುವ ಬೇನೆ. ಈ ಲಕ್ಷಣಗಳು ತಿಂಗಳುಗಟ್ಟಲೆ ಕಾಡಿದರೂ ಮನೆಯವರೊಡನೆ ಹೇಳಿಕೊಳ್ಳಲು ಪುರುಷರು ಸಂಕೋಚಪಡುತ್ತಾರೆ. ಔಷಧದ ಅಂಗಡಿಯಲ್ಲಿ ‘ಯೂರಿನ್ ಇನ್‌ಫೆಕ್ಷನ್’ ಎಂದಷ್ಟೇ ಹೇಳಿ ಐದು ದಿನದ ಮಾತ್ರೆ ಪಡೆಯುವುದು, ಕೊಂಚ ಶಮನವಾದಂತೆ ಕಂಡು ನೋವು ಮರುಕಳಿಸುವುದು, ಮತ್ತೆ ಇನ್ನೊಂದು ಮಾತ್ರೆ- ಹೀಗೆ ವರ್ಷಗಳೇ ಉರುಳಿಹೋಗುವುದುಂಟು.

ಪ್ರಾಸ್ಟೇಟ್ ಗ್ರಂಥಿಯ ದೀರ್ಘಕಾಲದ ತೊಂದರೆಗೆ ಔಷಧಗಳಿಲ್ಲವೆಂದಲ್ಲ. ಹಲವು ಬಗೆಯ ಔಷಧಗಳಿವೆ. ಆದರೆ ಒಬ್ಬರಿಗೆ ಹೊಂದಿದ ಮಾತ್ರೆ ಇನ್ನೊಬ್ಬರಿಗೆ ನಿರುಪಯುಕ್ತವಾಗಬಹುದು, ಕೆಲವೊಮ್ಮೆ ಹಾನಿಕರವೂ ಆಗಬಹುದು. ನೋವಿನ ಮೂಲ ಸೋಂಕೋ, ಸ್ನಾಯುವಿನ ಬಿಗಿತವೋ, ನರಗಳ ಅತಿಸೂಕ್ಷ್ಮತೆಯೋ ಎಂಬುದನ್ನು ಗುರುತಿಸಿದ ಮೇಲೆಯೇ ಔಷಧದ ಆಯ್ಕೆ ಅರ್ಥಪೂರ್ಣವಾಗುತ್ತದೆ.

ಗ್ರಂಥಿ ಎಲ್ಲಿದೆ, ಏನು ಮಾಡುತ್ತದೆ?

ಪ್ರಾಸ್ಟೇಟ್ ಪುರುಷರಲ್ಲಿ ಮಾತ್ರ ಇರುವ ಗ್ರಂಥಿ. ಯೌವನದಲ್ಲಿ ಇದು ಅಕ್ರೋಟಿನ ಗಾತ್ರದ್ದಾಗಿದ್ದು, ಸುಮಾರು 20 ಗ್ರಾಂ ತೂಗುತ್ತದೆ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇದರ ಸ್ಥಾನ. ಮೂತ್ರನಾಳವು ಈ ಗ್ರಂಥಿಯ ನಡುವಿನಿಂದಲೇ ಹಾದುಹೋಗುತ್ತದೆ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಸ್ರವಿಸುವುದು ಇದರ ಮುಖ್ಯ ಕಾರ್ಯ. ಹೀಗೆ ಮೂತ್ರದ ಹಾದಿ ಮತ್ತು ವೀರ್ಯದ ಹಾದಿ ಎರಡೂ ಕೂಡುವ ಜಾಗದಲ್ಲಿರುವುದರಿಂದಲೇ ಇಲ್ಲಿನ ತೊಂದರೆ ಮೂತ್ರ ವಿಸರ್ಜನೆಯನ್ನೂ ದಾಂಪತ್ಯ ಜೀವನವನ್ನೂ ಏಕಕಾಲಕ್ಕೆ ಬಾಧಿಸುತ್ತದೆ.

ಈ ಗ್ರಂಥಿಯ ಸುತ್ತ, ಕೆಳಗಿನಿಂದ ತೊಟ್ಟಿಲಿನಂತೆ ಶ್ರೋಣಿಯ ತಳದ ಸ್ನಾಯುಗಳಿವೆ. ಆ ಸ್ನಾಯುಗಳು ಬಿಗಿದುಕೊಂಡರೆ ಹುಟ್ಟುವ ನೋವೂ ಪ್ರಾಸ್ಟೇಟ್ ನೋವಿನಂತೆಯೇ ಭಾಸವಾಗುತ್ತದೆ. ಚಿಕಿತ್ಸೆ ದಾರಿ ತಪ್ಪುವುದು ಹಲವು ಬಾರಿ ಇಲ್ಲಿಯೇ.

ಒಂದು ಹೆಸರು, ನಾಲ್ಕು ಸ್ಥಿತಿ

‘ಪ್ರಾಸ್ಟಟೈಟಿಸ್’ ಎಂದರೆ ಪ್ರಾಸ್ಟೇಟ್ ಗ್ರಂಥಿಯ ಉರಿಯೂತ ಎಂಬುದು ಪದದ ಅರ್ಥ. ಆದರೆ ಈ ಒಂದೇ ಹೆಸರಿನಡಿ ಪರಸ್ಪರ ಭಿನ್ನವಾದ ಸ್ಥಿತಿಗಳು ಸೇರಿಕೊಂಡಿವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 1995ರಲ್ಲಿ ರೂಪಿಸಿ, 1999ರಲ್ಲಿ ಪ್ರಕಟವಾದ ವರ್ಗೀಕರಣವನ್ನು ಇಂದಿಗೂ ವೈದ್ಯರು ಅನುಸರಿಸುತ್ತಾರೆ.

ಮೊದಲನೆಯದು, ಬ್ಯಾಕ್ಟೀರಿಯಾ ಸೋಂಕಿನಿಂದ ಹಠಾತ್ತನೆ ಬರುವ ತೀವ್ರ ಉರಿಯೂತ. ಚಳಿಜ್ವರ, ಅಸಹನೀಯ ನೋವು, ಮೂತ್ರ ಕಟ್ಟಿಕೊಳ್ಳುವುದು ಇದರ ಲಕ್ಷಣ. ಇದು ತುರ್ತು ಚಿಕಿತ್ಸೆಯ ಕಾಯಿಲೆ.

ಎರಡನೆಯದು, ದೀರ್ಘಕಾಲದ ಬ್ಯಾಕ್ಟೀರಿಯಾ ಸೋಂಕು. ಒಂದೇ ಬಗೆಯ ಸೂಕ್ಷ್ಮಜೀವಿ ಗ್ರಂಥಿಯೊಳಗೆ ಅಡಗಿದ್ದು, ಮತ್ತೆ ಮತ್ತೆ ಮೂತ್ರದ ಸೋಂಕನ್ನು ಉಂಟುಮಾಡುತ್ತದೆ. ಇ-ಕೋಲಿ ಇದಕ್ಕೆ ಸಾಮಾನ್ಯ ಕಾರಣ.

ಮೂರನೆಯದು, ಸೋಂಕು ಪತ್ತೆಯಾಗದ ದೀರ್ಘಕಾಲದ ಶ್ರೋಣಿ ನೋವು. ಕಳೆದ ಆರು ತಿಂಗಳಲ್ಲಿ ಕನಿಷ್ಠ ಮೂರು ತಿಂಗಳು ನೋವಿದ್ದು, ಬೇರೆ ಕಾರಣ ಕಾಣದಿದ್ದರೆ ಈ ಹೆಸರು ಕೊಡಲಾಗುತ್ತದೆ. ಸ್ರಾವದಲ್ಲಿ ಬಿಳಿ ರಕ್ತಕಣಗಳು ಕಂಡುಬರುವುದು, ಬಾರದಿರುವುದು ಎಂದು ಇದರಲ್ಲಿ ಎರಡು ಉಪವಿಭಾಗಗಳಿವೆ.

ನಾಲ್ಕನೆಯದು, ಯಾವ ಲಕ್ಷಣವನ್ನೂ ತೋರದ ಉರಿಯೂತ. ಬೇರೆ ಕಾರಣಕ್ಕೆ ಪರೀಕ್ಷೆ ಮಾಡುವಾಗ ಆಕಸ್ಮಿಕವಾಗಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗುವುದಿಲ್ಲ.

ಇವುಗಳಲ್ಲಿ ಮೂರನೆಯ ಗುಂಪೇ ಅತಿ ದೊಡ್ಡದು. ಪ್ರಾಸ್ಟಟೈಟಿಸ್ ಎಂದು ಗುರುತಿಸಲಾಗುವ ಪ್ರಕರಣಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಈ ವರ್ಗಕ್ಕೆ ಸೇರುತ್ತವೆ. ಅರ್ಥಾತ್, ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯ ನೋವಿಗೆ ಸಾಬೀತಾದ ಬ್ಯಾಕ್ಟೀರಿಯಾ ಸೋಂಕು ಇರುವುದಿಲ್ಲ. ಆದರೂ ಮೊದಲು ಕೈಗೆ ಸಿಗುವ ಮಾತ್ರೆ ಮಾತ್ರ ಸೋಂಕುನಿವಾರಕವೇ ಆಗಿರುತ್ತದೆ.

ವೃದ್ಧಾಪ್ಯದಲ್ಲಿ ಪ್ರಾಸ್ಟೇಟ್ ಗ್ರಂಥಿ ಹಿಗ್ಗಿ ಮೂತ್ರಕ್ಕೆ ಅಡ್ಡಿಯಾಗುವುದು ಬೇರೆಯೇ ಕಾಯಿಲೆ. ಅದರಲ್ಲಿ ಮೂತ್ರದ ತೊಂದರೆ ಪ್ರಧಾನ, ನೋವು ಗೌಣ. ಪ್ರಾಸ್ಟಟೈಟಿಸ್‌ನಲ್ಲಿ ನೋವೇ ಪ್ರಧಾನ. ಇದು ಐವತ್ತು ವರ್ಷದೊಳಗಿನವರನ್ನೂ ಹೆಚ್ಚಾಗಿ ಕಾಡುತ್ತದೆ.

ಔಷಧಕ್ಕೆ ಮುನ್ನ ಪರೀಕ್ಷೆ

ಚಿಕಿತ್ಸೆಯ ಮೊದಲ ಹೆಜ್ಜೆ ಮೂತ್ರದ ಸಾಮಾನ್ಯ ಪರೀಕ್ಷೆ ಮತ್ತು ಕಲ್ಚರ್. ಕಲ್ಚರ್‌ಗೆ ಮೂತ್ರ ಕೊಡುವ ಮುನ್ನ ಸೋಂಕುನಿವಾರಕ ಮಾತ್ರೆ ನುಂಗಿದ್ದರೆ ಫಲಿತಾಂಶ ಕೆಡುತ್ತದೆ. ಸೋಂಕಿದ್ದರೂ ಇಲ್ಲವೆಂಬ ವರದಿ ಬರಬಹುದು.

ಗ್ರಂಥಿಯೊಳಗಿನ ಸೋಂಕನ್ನು ಪತ್ತೆಹಚ್ಚಲು ಮೀರ್ಸ್ ಮತ್ತು ಸ್ಟೇಮಿ 1968ರಲ್ಲಿ ‘ನಾಲ್ಕು ಲೋಟ’ಗಳ ಪರೀಕ್ಷೆಯನ್ನು ವಿವರಿಸಿದರು. ಮೂತ್ರದ ಮೊದಲ ಭಾಗ, ನಡುವಿನ ಭಾಗ, ಗ್ರಂಥಿಯನ್ನು ಒತ್ತಿ ಪಡೆದ ಸ್ರಾವ, ಅನಂತರದ ಮೂತ್ರ- ಇವನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ವಿಧಾನ ಇದು. ಗ್ರಂಥಿಯನ್ನು ಒತ್ತುವ ಮುಂಚಿನ ಹಾಗೂ ನಂತರದ ಮೂತ್ರವನ್ನಷ್ಟೇ ಹೋಲಿಸುವ ‘ಎರಡು ಲೋಟ’ಗಳ ಸರಳ ವಿಧಾನ ಈಗ ಹೆಚ್ಚು ಬಳಕೆಯಲ್ಲಿದೆ. ಚಳಿಜ್ವರವಿರುವ ತೀವ್ರ ಸೋಂಕಿನಲ್ಲಿ ಗ್ರಂಥಿಯನ್ನು ಒತ್ತಬಾರದು. ಸೋಂಕು ರಕ್ತಕ್ಕೆ ಹರಡುವ ಅಪಾಯವಿರುತ್ತದೆ.

ನೋವಿನ ತೀವ್ರತೆಯನ್ನು ಅಳೆಯಲು 1999ರಿಂದ ಒಂದು ಪ್ರಶ್ನಾವಳಿ ಬಳಕೆಯಲ್ಲಿದೆ. ನೋವಿಗೆ 21, ಮೂತ್ರದ ತೊಂದರೆಗೆ 10, ಬದುಕಿನ ಗುಣಮಟ್ಟಕ್ಕೆ 12- ಹೀಗೆ ಒಟ್ಟು 43 ಅಂಕ. ಅಂಕ ಹೆಚ್ಚಿದಷ್ಟೂ ಬಾಧೆ ಹೆಚ್ಚು. ಚಿಕಿತ್ಸೆಯ ಬಳಿಕ ಆರು ಅಂಕ ಇಳಿದರೆ ರೋಗಿಗೆ ಗಮನಾರ್ಹ ಉಪಶಮನವಾಗಿದೆ ಎಂದು ಪರಿಗಣಿಸಲಾಗುತ್ತದೆ. ಔಷಧ ಆರಂಭಿಸುವ ದಿನ ಹಾಗೂ ಆರು ವಾರದ ನಂತರ ಈ ಅಂಕವನ್ನು ಬರೆದಿಟ್ಟುಕೊಂಡರೆ, ಮಾತ್ರೆ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬುದು ಊಹೆಗೆ ಬಿಟ್ಟ ವಿಷಯವಾಗುವುದಿಲ್ಲ.

ಭಾರತದಂತಹ ದೇಶದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಮೂತ್ರದಲ್ಲಿ ಕೀವುಕಣಗಳು ಕಂಡರೂ ಸಾಮಾನ್ಯ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಮೂತ್ರಾಂಗಗಳ ಕ್ಷಯರೋಗದ ಸಾಧ್ಯತೆಯನ್ನು ಪರಿಶೀಲಿಸಬೇಕು. ಲಿವೋಫ್ಲಾಕ್ಸಸಿನ್‌ನಂತಹ ಔಷಧಗಳು ಕ್ಷಯದ ಸೂಕ್ಷ್ಮಜೀವಿಯ ಮೇಲೂ ಕೆಲಸ ಮಾಡುತ್ತವೆ. ಅವನ್ನು ಅಂದಾಜಿನಲ್ಲಿ ನುಂಗಿದರೆ ಕ್ಷಯವು ತಾತ್ಕಾಲಿಕವಾಗಿ ಮರೆಯಾಗಿ, ರೋಗಪತ್ತೆ ತಡವಾಗುತ್ತದೆ. ಧೂಮಪಾನಿಗಳಲ್ಲಿ, ವಯಸ್ಸಾದವರಲ್ಲಿ ಮೂತ್ರದೊಡನೆ ರಕ್ತ ಹೋದರೆ ಮೂತ್ರಕೋಶದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಸೋಂಕುನಿವಾರಕಗಳು: ಯಾರಿಗೆ ಬೇಕು?

ಕಲ್ಚರ್‌ನಲ್ಲಿ ಸೂಕ್ಷ್ಮಜೀವಿ ಪತ್ತೆಯಾದ ಎರಡನೆಯ ವರ್ಗದವರಿಗೆ ಸೋಂಕುನಿವಾರಕ ಅನಿವಾರ್ಯ. ಆದರೆ ಎಲ್ಲ ಸೋಂಕುನಿವಾರಕಗಳೂ ಪ್ರಾಸ್ಟೇಟ್ ಗ್ರಂಥಿಯ ಒಳಹೊಕ್ಕು ಕೆಲಸ ಮಾಡಲಾರವು. ಕೊಬ್ಬಿನಲ್ಲಿ ಕರಗುವ ಗುಣವುಳ್ಳ ಔಷಧಗಳಷ್ಟೇ ಗ್ರಂಥಿಯ ಅಂಗಾಂಶವನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪುತ್ತವೆ. ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್‌ಗಳಂತಹ ಫ್ಲೋರೋಕ್ವಿನೊಲೋನ್‌ಗಳು, ಟ್ರೈಮೆಥೊಪ್ರಿಮ್ ಒಳಗೊಂಡ ಮಾತ್ರೆ, ಡಾಕ್ಸಿಸೈಕ್ಲಿನ್ ಈ ಪಟ್ಟಿಯಲ್ಲಿವೆ. ಮೂತ್ರದ ಸೋಂಕಿಗೆ ಸಾಮಾನ್ಯವಾಗಿ ಕೊಡುವ ನೈಟ್ರೋಫ್ಯುರಂಟೋಯಿನ್ ಮೂತ್ರದಲ್ಲಿ ಸಾಂದ್ರವಾಗುತ್ತದೆಯೇ ಹೊರತು ಪ್ರಾಸ್ಟೇಟ್ ಅಂಗಾಂಶದಲ್ಲಿ ಸಾಕಷ್ಟು ಸೇರುವುದಿಲ್ಲ.

ಚಿಕಿತ್ಸೆಯ ಅವಧಿಯೂ ಮುಖ್ಯ. ದೀರ್ಘಕಾಲದ ಬ್ಯಾಕ್ಟೀರಿಯಾ ಸೋಂಕಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಕಾಲ ಮಾತ್ರೆ ಬೇಕಾಗುತ್ತದೆ. ಐದು ದಿನಕ್ಕೆ ನಿಲ್ಲಿಸಿದರೆ ಮೂತ್ರ ಶುದ್ಧವಾಗುತ್ತದೆ, ಗ್ರಂಥಿಯೊಳಗಿನ ಸೂಕ್ಷ್ಮಜೀವಿ ಉಳಿದುಕೊಳ್ಳುತ್ತದೆ. ಯಾವ ಮಾತ್ರೆ ಎಂಬುದನ್ನು ಕಲ್ಚರ್ ವರದಿಯೇ ನಿರ್ಧರಿಸಬೇಕು. ಭಾರತದಲ್ಲಿ ಇ-ಕೋಲಿ ಸೂಕ್ಷ್ಮಜೀವಿಗಳು ಫ್ಲೋರೋಕ್ವಿನೊಲೋನ್‌ಗಳಿಗೆ ದೊಡ್ಡ ಪ್ರಮಾಣದಲ್ಲಿ ಪ್ರತಿರೋಧ ಬೆಳೆಸಿಕೊಂಡಿರುವುದರಿಂದ ಅಂದಾಜಿನ ಆಯ್ಕೆ ಹುಸಿಯಾಗುವ ಸಾಧ್ಯತೆ ಹೆಚ್ಚು.

ಸೋಂಕಿಲ್ಲದ ಮೂರನೆಯ ವರ್ಗದವರ ಸಂಗತಿ ಬೇರೆ. ದೀರ್ಘಕಾಲದಿಂದ ಬಳಲುತ್ತಿದ್ದ 196 ಪುರುಷರ ಮೇಲೆ ಆರು ವಾರ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಸಿಪ್ರೋಫ್ಲಾಕ್ಸಸಿನ್ ಆಗಲಿ, ಟ್ಯಾಮ್ಸುಲೋಸಿನ್ ಆಗಲಿ, ಅವೆರಡೂ ಕೂಡಿ ಆಗಲಿ ಔಷಧವಿಲ್ಲದ ಹುಸಿ ಮಾತ್ರೆಗಿಂತ ಗಮನಾರ್ಹವಾಗಿ ಮೇಲಾಗಲಿಲ್ಲ. ಹೊಸದಾಗಿ ನೋವು ಶುರುವಾದವರಿಗೆ, ಹಿಂದೆ ಸೋಂಕುನಿವಾರಕ ಪಡೆಯದವರಿಗೆ ಒಂದು ಬಾರಿ ಪೂರ್ಣ ಅವಧಿಯ ಚಿಕಿತ್ಸೆ ಕೊಟ್ಟು ನೋಡುವ ಪದ್ಧತಿ ಇದೆ. ಅದರಿಂದ ಗುಣ ಕಾಣದಿದ್ದರೆ ಮತ್ತೆ ಮತ್ತೆ ಅದನ್ನೇ ಪುನರಾವರ್ತಿಸುವುದರಲ್ಲಿ ಅರ್ಥವಿಲ್ಲ.

ಪುನರಾವರ್ತನೆಗೆ ಬೆಲೆ ತೆರಬೇಕಾಗುತ್ತದೆ. ಫ್ಲೋರೋಕ್ವಿನೊಲೋನ್‌ಗಳಿಂದ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದಿಕೊಳ್ಳುವ, ಹರಿಯುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2008ರಲ್ಲಿ ಅತ್ಯುನ್ನತ ಮಟ್ಟದ ಎಚ್ಚರಿಕೆ ನೀಡಿತು. 2016ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯುವ ಹಾಗೂ ಮಹಾಪಧಮನಿ ಸೀಳುವ ಸಾಧ್ಯತೆಗಳ ಬಗ್ಗೆ 2018ರಲ್ಲಿ ಮತ್ತೆ ಎಚ್ಚರಿಸಿತು. ಮಧುಮೇಹಕ್ಕೆ ಮಾತ್ರೆ ಸೇವಿಸುವವರು, ಸ್ಟೆರಾಯ್ಡ್ ಸೇವಿಸುವವರು, ಅರವತ್ತು ದಾಟಿದವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಭಾರತದಲ್ಲಿ ಲಿವೋಫ್ಲಾಕ್ಸಸಿನ್ ಸೇರಿದಂತೆ ಕೆಲವು ಔಷಧಗಳನ್ನು 2013ರಲ್ಲಿ ‘ಎಚ್-1’ ಎಂಬ ಅನುಸೂಚಿಗೆ ಸೇರಿಸಲಾಯಿತು. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಈ ನಿಯಮದ ಪ್ರಕಾರ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕು. ಪಟ್ಟಿಯ ಮೇಲಿನ ಕೆಂಪು ಗೆರೆಯು ಚೀಟಿಯಿಲ್ಲದೆ ಕೊಳ್ಳಬಾರದ ಔಷಧ ಎಂಬುದರ ಗುರುತು.

ಆಲ್ಫಾ ಬ್ಲಾಕರ್‌ಗಳು: ಮೂತ್ರದ ದಾರಿ ಸಡಿಲಿಸಲು

ಟ್ಯಾಮ್ಸುಲೋಸಿನ್, ಆಲ್ಫುಜೋಸಿನ್, ಸಿಲೋಡೋಸಿನ್ ಈ ಗುಂಪಿನ ಔಷಧಗಳು. ಮೂತ್ರಕೋಶದ ಕುತ್ತಿಗೆಯಲ್ಲಿ ಹಾಗೂ ಪ್ರಾಸ್ಟೇಟ್ ಗ್ರಂಥಿಯಲ್ಲಿರುವ ಅನೈಚ್ಛಿಕ ಸ್ನಾಯುಗಳನ್ನು ಸಡಿಲಗೊಳಿಸಿ ಮೂತ್ರ ಸರಾಗವಾಗಿ ಹರಿಯುವಂತೆ ಮಾಡುವುದು ಇವುಗಳ ಕೆಲಸ. ನೋವಿನೊಡನೆ ಮೂತ್ರ ತಡೆತಡೆದು ಬರುವುದು, ಪೂರ್ತಿ ಖಾಲಿಯಾಗದ ಭಾವನೆ, ರಾತ್ರಿ ಮತ್ತೆ ಮತ್ತೆ ಏಳುವುದು ಮುಂತಾದ ಲಕ್ಷಣಗಳಿದ್ದವರಿಗೆ ಇವನ್ನು ಸಾಮಾನ್ಯವಾಗಿ ಮೊದಲು ಪ್ರಯತ್ನಿಸಲಾಗುತ್ತದೆ. ಪರಿಣಾಮ ತಿಳಿಯಲು ಕನಿಷ್ಠ ಆರರಿಂದ ಹನ್ನೆರಡು ವಾರ ಬೇಕು.

ಈ ಔಷಧಗಳ ಬಗ್ಗೆ ಸಂಶೋಧನೆಗಳು ಒಮ್ಮತಕ್ಕೆ ಬಂದಿಲ್ಲ. ಕೆಲವು ಸಣ್ಣ ಅಧ್ಯಯನಗಳು ಒಳ್ಳೆಯ ಫಲಿತಾಂಶ ನೀಡಿದವು. ಆದರೆ ಇತ್ತೀಚೆಗಷ್ಟೇ ರೋಗ ಪತ್ತೆಯಾದ 272 ಪುರುಷರ ಮೇಲೆ 12 ವಾರ ಆಲ್ಫುಜೋಸಿನ್ ಪ್ರಯೋಗಿಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧ ಪಡೆದವರಲ್ಲೂ ಹುಸಿ ಮಾತ್ರೆ ಪಡೆದವರಲ್ಲೂ ಸರಿಸಮನಾಗಿ ಶೇಕಡಾ 49.3 ಮಂದಿ ಸುಧಾರಿಸಿದರು. ಹಾಗೆಂದು ಔಷಧ ವ್ಯರ್ಥವೆಂದು ಅರ್ಥವಲ್ಲ. ಮೂತ್ರದ ತೊಂದರೆಯಿಲ್ಲದೆ ಕೇವಲ ನೋವಿರುವವರು ಇದರಿಂದ ಹೆಚ್ಚು ನಿರೀಕ್ಷಿಸಬಾರದು ಎಂದಷ್ಟೇ ತಿಳಿಯಬೇಕು.

ಅಡ್ಡಪರಿಣಾಮಗಳಲ್ಲಿ ಮುಖ್ಯವಾದುದು ಎದ್ದು ನಿಂತಾಗ ತಲೆಸುತ್ತು. ಹಾಸಿಗೆಯಿಂದ ಥಟ್ಟನೆ ಏಳಬಾರದು. ರಕ್ತದೊತ್ತಡದ ಮಾತ್ರೆ ಅಥವಾ ಸಿಲ್ಡೆನಫಿಲ್‌ನಂತಹ ಲೈಂಗಿಕ ಉತ್ತೇಜಕ ಮಾತ್ರೆ ಸೇವಿಸುತ್ತಿದ್ದರೆ ರಕ್ತದೊತ್ತಡ ಮತ್ತಷ್ಟು ಇಳಿಯಬಹುದು. ಸಿಲೋಡೋಸಿನ್ ಸೇವಿಸುವವರಲ್ಲಿ ವಿಶೇಷವಾಗಿ, ಸ್ಖಲನದ ವೇಳೆ ವೀರ್ಯ ಹೊರಬಾರದಿರಬಹುದು. ಇದು ಅಪಾಯಕಾರಿಯಲ್ಲ, ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆ. ಆದರೆ ಮಕ್ಕಳಿಗಾಗಿ ಪ್ರಯತ್ನಿಸುತ್ತಿರುವ ದಂಪತಿಗಳಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಅನವಶ್ಯಕ ಆತಂಕವಾಗುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೋಗುವವರು ಈ ಮಾತ್ರೆ ಸೇವಿಸುತ್ತಿರುವ, ಹಿಂದೆ ಸೇವಿಸಿದ್ದ ವಿಷಯವನ್ನು ನೇತ್ರತಜ್ಞರಿಗೆ ಹೇಳಲೇಬೇಕು. ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನ ಪಾಪೆ ಸಡಿಲಗೊಂಡು ತೊಡಕಾಗುವುದು 2005ರಲ್ಲಿ ಬೆಳಕಿಗೆ ಬಂದಿತು.

ನೋವುನಿವಾರಕಗಳು

ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಸೆಲೆಕಾಕ್ಸಿಬ್ ಮುಂತಾದ ಉರಿಯೂತ ತಗ್ಗಿಸುವ ಮಾತ್ರೆಗಳು ನೋವು ಹೆಚ್ಚಾದ ದಿನಗಳಲ್ಲಿ ಉಪಯುಕ್ತ. ಸೆಲೆಕಾಕ್ಸಿಬ್ ಕುರಿತ ಆರು ವಾರಗಳ ಅಧ್ಯಯನದಲ್ಲಿ ಮಾತ್ರೆ ಸೇವಿಸುವಷ್ಟು ಕಾಲ ನೋವು ತಗ್ಗಿತು. ಮಾತ್ರೆ ನಿಲ್ಲಿಸಿದ ನಂತರ ಆ ಲಾಭ ಉಳಿಯಲಿಲ್ಲ. ಆದ್ದರಿಂದ ಇವು ಕಾಯಿಲೆಯನ್ನು ಗುಣಪಡಿಸುವ ಔಷಧಗಳಲ್ಲ, ಕಷ್ಟದ ದಿನಗಳನ್ನು ದಾಟಿಸುವ ಔಷಧಗಳು.

ತಿಂಗಳುಗಟ್ಟಲೆ ನಿತ್ಯ ಸೇವಿಸಿದರೆ ಜಠರದ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ, ರಕ್ತದೊತ್ತಡದ ಏರಿಕೆ, ಹೃದಯಾಘಾತದ ಅಪಾಯ ಉಂಟು. ಮಧುಮೇಹಿಗಳು ಮತ್ತು ಮೂತ್ರಪಿಂಡದ ತೊಂದರೆಯುಳ್ಳವರು ಸ್ವಯಂ ನಿರ್ಧಾರದಿಂದ ಇವನ್ನು ಸೇವಿಸಕೂಡದು. ಪ್ಯಾರಸಿಟಮಾಲ್ ಹೊಟ್ಟೆಗೆ ಸೌಮ್ಯವಾದರೂ ಅದಕ್ಕೆ ಉರಿಯೂತ ತಗ್ಗಿಸುವ ಶಕ್ತಿ ಅತ್ಯಲ್ಪ. ಅಫೀಮು ಮೂಲದ ನೋವುನಿವಾರಕಗಳು ಚಟವಾಗುವುದಲ್ಲದೆ, ಮಲಬದ್ಧತೆ ತಂದು ಶ್ರೋಣಿಯ ನೋವನ್ನೇ ಹೆಚ್ಚಿಸಬಲ್ಲವು.

ನರಗಳನ್ನು ಶಾಂತಗೊಳಿಸುವ ಔಷಧ

ತಿಂಗಳುಗಟ್ಟಲೆ ನೋವು ಮುಂದುವರಿದಾಗ ನರವ್ಯೂಹವೇ ಅತಿಸೂಕ್ಷ್ಮವಾಗುತ್ತದೆ. ಮೂಲ ಕಾರಣ ಮಾಯವಾದ ಮೇಲೂ ನರಗಳು ನೋವಿನ ಸಂದೇಶವನ್ನು ಕಳುಹಿಸುತ್ತಲೇ ಇರುತ್ತವೆ. ಇಂಥವರಿಗೆ ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಮಾತ್ರೆಯನ್ನು ರಾತ್ರಿ ಮಲಗುವಾಗ 10 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲಿ ಆರಂಭಿಸುವುದುಂಟು. ಡ್ಯುಲೋಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಇದೇ ಉದ್ದೇಶಕ್ಕೆ ಬಳಕೆಯಾಗುವ ಇತರ ಔಷಧಗಳು.

ಇವುಗಳಲ್ಲಿ ಕೆಲವು ಮಾನಸಿಕ ಖಿನ್ನತೆಗೂ ಬಳಕೆಯಾಗುವುದರಿಂದ ‘ನನಗೆ ಹುಚ್ಚೇ?’ ಎಂದು ರೋಗಿಗಳು ಬೇಸರಪಡುವುದುಂಟು. ನೋವಿಗೆ ಕೊಡುವ ಪ್ರಮಾಣ ಸಾಮಾನ್ಯವಾಗಿ ಕಡಿಮೆ, ಉದ್ದೇಶವೂ ಬೇರೆ. 324 ಪುರುಷರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಿಗ್ಯಾಬಲಿನ್ ಅಧ್ಯಯನದಲ್ಲಿ ಔಷಧ ಪಡೆದವರಲ್ಲಿ ಶೇಕಡಾ 47, ಹುಸಿ ಮಾತ್ರೆ ಪಡೆದವರಲ್ಲಿ ಶೇಕಡಾ 36 ಮಂದಿಗೆ ಆರು ಅಂಕದ ಉಪಶಮನ ದೊರೆಯಿತು. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಮಾನದಂಡವನ್ನು ಮುಟ್ಟಲಿಲ್ಲ. ಆದ್ದರಿಂದ ಎಲ್ಲರಿಗೂ ಅಲ್ಲ, ನರಸಂಬಂಧಿ ಲಕ್ಷಣವಿರುವ ಆಯ್ದ ರೋಗಿಗಳಿಗೆ ಮಾತ್ರ ಇದು ಸೂಕ್ತವೆನಿಸುತ್ತದೆ.

ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುವಿಕೆ, ಮಲಬದ್ಧತೆ, ಬೆಳಗಿನ ಮಂಪರು ಸಾಮಾನ್ಯ. ಗ್ರಂಥಿ ದೊಡ್ಡದಾಗಿರುವವರಲ್ಲಿ ಇದು ಮೂತ್ರ ಕಟ್ಟಿಕೊಳ್ಳುವಂತೆ ಮಾಡಬಹುದು. ಈ ಗುಂಪಿನ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಬೇಕು.

ಗ್ರಂಥಿ ದೊಡ್ಡದಾಗಿದ್ದರೆ

ವಯಸ್ಸಾದ ಪುರುಷರಲ್ಲಿ ನೋವಿನೊಡನೆ ಗ್ರಂಥಿಯೂ ಹಿಗ್ಗಿದ್ದರೆ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ನೆರವಾಗಬಹುದು. ಇವು ಗ್ರಂಥಿಯನ್ನು ನಿಧಾನವಾಗಿ ಕುಗ್ಗಿಸುತ್ತವೆ. ಪರಿಣಾಮ ಕಾಣಲು ಆರು ತಿಂಗಳಾದರೂ ಬೇಕು. ಯುವಕರಿಗೆ ನೋವಿಗೆಂದು ಇದನ್ನು ಕೊಡುವುದಿಲ್ಲ. ಕಾಮಾಸಕ್ತಿ ಕುಗ್ಗುವಿಕೆ, ನಿಮಿರು ದೌರ್ಬಲ್ಯ ಇದರ ಅಡ್ಡಪರಿಣಾಮಗಳು. ಗರ್ಭಿಣಿಯರು ಪುಡಿಯಾದ ಫಿನಾಸ್ಟರೈಡ್ ಮಾತ್ರೆಯನ್ನು ಮುಟ್ಟಲೂ ಕೂಡದು.

ಈ ಔಷಧವು ರಕ್ತದಲ್ಲಿನ ಪಿಎಸ್‌ಎ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಬಳಸುವ ಸೂಚಕ. ಮಾತ್ರೆ ಸೇವಿಸುತ್ತಿರುವುದನ್ನು ಹೇಳದೆ ಪರೀಕ್ಷೆ ಮಾಡಿಸಿದರೆ ಅಪಾಯದ ಅಂಕಿಯೂ ಸಹಜವೆಂಬಂತೆ ಕಾಣುತ್ತದೆ. ನೋವು, ಮೂತ್ರದ ತೊಂದರೆ, ನಿಮಿರು ದೌರ್ಬಲ್ಯ ಮೂರೂ ಒಟ್ಟಿಗೆ ಇರುವವರಿಗೆ ನಿತ್ಯ 5 ಮಿಲಿಗ್ರಾಂ ಟಡಾಲಫಿಲ್ ಸೂಚಿಸುವ ಪದ್ಧತಿಯೂ ಇದೆ. ಹೃದ್ರೋಗಕ್ಕೆ ನೈಟ್ರೇಟ್ ಮಾತ್ರೆ ಸೇವಿಸುವವರಿಗೆ ಇದು ನಿಷಿದ್ಧ.

ಸಸ್ಯಮೂಲದ ಔಷಧಗಳು

ಹೂವಿನ ಪರಾಗದಿಂದ ತಯಾರಿಸಿದ ಸಾರ ಹಾಗೂ ಈರುಳ್ಳಿ, ಸೇಬು ಮುಂತಾದವುಗಳಲ್ಲಿರುವ ಕ್ವೆರ್ಸಿಟಿನ್ ಎಂಬ ವಸ್ತುವಿನ ಬಗ್ಗೆ ಸ್ವಲ್ಪಮಟ್ಟಿನ ಅನುಕೂಲಕರ ಪುರಾವೆಯಿದೆ. 30 ಪುರುಷರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ದಿನಕ್ಕೆರಡು ಬಾರಿ 500 ಮಿಲಿಗ್ರಾಂ ಕ್ವೆರ್ಸಿಟಿನ್ ಪಡೆದವರಲ್ಲಿ ಮೂರನೇ ಎರಡರಷ್ಟು ಮಂದಿ ಸುಧಾರಿಸಿದರು. ಪರಾಗದ ಸಾರದ ಕುರಿತು 139 ಪುರುಷರ ಮೇಲೆ 12 ವಾರ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಗಿ, ನೋವು ತಗ್ಗಿದ್ದನ್ನು ತೋರಿಸಿತು. ಇದಕ್ಕೆ ಪ್ರತಿಯಾಗಿ, ಬಹಳ ಪ್ರಚಾರ ಪಡೆದ ಸಾ ಪಾಲ್ಮೆಟ್ಟೊ ಎಂಬ ಗಿಡದ ಸಾರವನ್ನು ಒಂದು ವರ್ಷ ಸೇವಿಸಿದವರಲ್ಲಿ ಸುಧಾರಣೆ ಕಾಣಲಿಲ್ಲವೆಂದು 2004ರ ಅಧ್ಯಯನ ಹೇಳಿತು.

ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ. ಲೇಬಲ್ ಇಲ್ಲದ ಪೊಟ್ಟಣಗಳನ್ನು, ‘ಗುಪ್ತ ರೋಗ’ಕ್ಕೆ ಗ್ಯಾರಂಟಿ ಚಿಕಿತ್ಸೆಯೆಂಬ ಜಾಹೀರಾತಿನ ಔಷಧಗಳನ್ನು ದೂರವಿಡಬೇಕು. ಆಯುರ್ವೇದ ಚಿಕಿತ್ಸೆ ಪಡೆಯುವವರು ನೋಂದಾಯಿತ ವೈದ್ಯರಲ್ಲಿಯೇ ಪಡೆದು, ಅದರ ವಿವರವನ್ನು ಮೂತ್ರರೋಗ ತಜ್ಞರಿಗೂ ತಿಳಿಸುವುದು ಕ್ಷೇಮ.

ಮಾತ್ರೆಯೊಂದೇ ಸಾಲದು

ಒಂದೇ ಮಾತ್ರೆಯಿಂದ ಎಲ್ಲರನ್ನೂ ಗುಣಪಡಿಸುವ ಪ್ರಯತ್ನಗಳು ವಿಫಲವಾದ ಬಳಿಕ, 2009ರಲ್ಲಿ ರೋಗಿಯನ್ನು ಆರು ಕೋನಗಳಿಂದ ನೋಡುವ ವಿಧಾನವನ್ನು ತಜ್ಞರು ಮುಂದಿಟ್ಟರು. ಮೂತ್ರದ ತೊಂದರೆ, ಮಾನಸಿಕ ಒತ್ತಡ, ಗ್ರಂಥಿಯ ಉರಿಯೂತ, ಸೋಂಕು, ನರಸಂಬಂಧಿ ನೋವು, ಸ್ನಾಯುಗಳ ಬಿಗಿತ- ಈ ಆರರಲ್ಲಿ ಯಾವುವು ಇವೆಯೋ ಅವಕ್ಕೆ ತಕ್ಕ ಚಿಕಿತ್ಸೆಗಳನ್ನು ಜೊತೆಗೂಡಿಸುವುದು ಇದರ ತಿರುಳು. ಮೂತ್ರದ ತೊಂದರೆಗೆ ಆಲ್ಫಾ ಬ್ಲಾಕರ್, ಸೋಂಕಿಗೆ ಸೋಂಕುನಿವಾರಕ, ಸ್ನಾಯುವಿಗೆ ಫಿಸಿಯೋಥೆರಪಿ ಎಂಬಂತೆ.

ಬಿಗಿದ ಶ್ರೋಣಿ ಸ್ನಾಯುಗಳನ್ನು ಸಡಿಲಿಸುವ ಫಿಸಿಯೋಥೆರಪಿ ಈ ನೋವಿನಲ್ಲಿ ಮಹತ್ವದ್ದು. ಇದಕ್ಕೆ ತರಬೇತಿ ಪಡೆದವರ ಮಾರ್ಗದರ್ಶನ ಬೇಕು. ಸ್ನಾಯುಗಳನ್ನು ಬಿಗಿಹಿಡಿಯುವ ಕೀಗಲ್ ವ್ಯಾಯಾಮವನ್ನು ಎಲ್ಲೋ ಓದಿ ಆರಂಭಿಸಿದರೆ ನೋವು ಹೆಚ್ಚಬಹುದು. ಚೀನಾದಲ್ಲಿ 440 ಪುರುಷರಿಗೆ ಎಂಟು ವಾರಗಳಲ್ಲಿ 20 ಬಾರಿ ಅಕ್ಯುಪಂಕ್ಚರ್ ನೀಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನಿಜವಾದ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 60.6, ಹುಸಿ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 36.8 ಮಂದಿಗೆ ಉಪಶಮನ ದೊರೆಯಿತು.

ಉಗುರುಬೆಚ್ಚನೆಯ ನೀರಿನ ಟಬ್ಬಿನಲ್ಲಿ ಹದಿನೈದು ನಿಮಿಷ ಕುಳಿತುಕೊಳ್ಳುವುದು, ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳುವುದು, ಮಲಬದ್ಧತೆ ತಪ್ಪಿಸುವುದು, ನಿತ್ಯ ನಡಿಗೆ- ಇವು ಖರ್ಚಿಲ್ಲದ ಉಪಾಯಗಳು. ಕಾಫಿ, ಮದ್ಯ, ಅತಿ ಖಾರದಿಂದ ನೋವು ಹೆಚ್ಚುವವರು ಅವನ್ನು ತಗ್ಗಿಸಿ ನೋಡಬಹುದು. ದ್ವಿಚಕ್ರ ವಾಹನದ ದೀರ್ಘ ಸವಾರಿಯಿಂದ, ಸೈಕಲ್ಲಿನ ಕಿರಿದಾದ ಸೀಟಿನಿಂದ ನೋವು ಕೆರಳುವವರು ಅವನ್ನು ಕಡಿಮೆ ಮಾಡುವುದು ಒಳಿತು. ಈ ನೋವಿಗೆ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆ ಪರಿಹಾರವಲ್ಲ.

ಭಯವೂ ನೋವಿನ ಒಂದು ಭಾಗ

ಪ್ರಾಸ್ಟಟೈಟಿಸ್ ಕ್ಯಾನ್ಸರ್‌ಗೆ ತಿರುಗುತ್ತದೆಯೇ ಎಂಬುದು ಬಹುತೇಕರ ಒಳಗಿನ ಅಂಜಿಕೆ. ದೀರ್ಘಕಾಲದ ಪ್ರಾಸ್ಟೇಟ್ ನೋವು ಕ್ಯಾನ್ಸರ್ ಆಗಿ ಪರಿವರ್ತನೆಯಾಗುತ್ತದೆ ಎಂಬುದು ಸಾಬೀತಾಗಿಲ್ಲ. ಉರಿಯೂತವಿದ್ದಾಗ ಪಿಎಸ್‌ಎ ಏರುವುದುಂಟು. ಆ ಅಂಕಿ ನೋಡಿ ಗಾಬರಿಯಾಗದೆ, ಸೋಂಕು ಗುಣವಾದ ಆರರಿಂದ ಎಂಟು ವಾರಗಳ ನಂತರ ಮರುಪರೀಕ್ಷೆ ಮಾಡಿಸುವುದು ವಾಡಿಕೆ.

ಇನ್ನೊಂದು ಭಯ ನಮ್ಮ ನೆಲದ್ದೇ. ಮೂತ್ರದಲ್ಲಿ ‘ಧಾತು’ ಸೋರಿಹೋಗುತ್ತಿದೆ, ಅದರಿಂದ ಶಕ್ತಿ ಕುಂದುತ್ತಿದೆ ಎಂಬ ನಂಬಿಕೆಯಿಂದ ಯುವಕರು ಕಂಗೆಡುತ್ತಾರೆ. ಈ ಆತಂಕದ ಸ್ಥಿತಿಗೆ ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂಬ ಹೆಸರಿಟ್ಟರು. ಮೂತ್ರ ಬಿಳಿಚಿಕೊಂಡು ಕಾಣಲು ಅದರಲ್ಲಿನ ಫಾಸ್ಫೇಟ್ ಲವಣವೂ ಕಾರಣವಾಗಬಹುದು. ಇಂತಹ ಆತಂಕ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ, ಬಿಗಿತ ನೋವು ತರುತ್ತದೆ, ನೋವು ಆತಂಕವನ್ನು ದೃಢಪಡಿಸುತ್ತದೆ. ಆಪ್ತ ಸಮಾಲೋಚನೆ ಇಲ್ಲಿ ಔಷಧದಷ್ಟೇ ಅಗತ್ಯ. ಪತ್ನಿಗೆ ವಿಷಯ ತಿಳಿಸಿದರೆ ಅರ್ಧ ಭಾರ ಇಳಿಯುತ್ತದೆ. ಸೋಂಕಿಲ್ಲದ ಶ್ರೋಣಿ ನೋವು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ತಡಮಾಡದೆ ಆಸ್ಪತ್ರೆಗೆ

* ನಡುಕದೊಡನೆ ಜ್ವರ ಬಂದು, ಮೂತ್ರ ವಿಸರ್ಜನೆ ನೋವಿನಿಂದ ಕೂಡಿದ್ದರೆ
* ಮೂತ್ರ ಸಂಪೂರ್ಣ ಕಟ್ಟಿಕೊಂಡರೆ
* ಮೂತ್ರದಲ್ಲಿ ರಕ್ತ ಕಂಡರೆ
* ವೃಷಣದಲ್ಲಿ ಹಠಾತ್ತನೆ ತೀವ್ರ ನೋವು, ಊತ ಕಾಣಿಸಿಕೊಂಡರೆ
* ಫ್ಲೋರೋಕ್ವಿನೊಲೋನ್ ಮಾತ್ರೆ ಸೇವಿಸುವಾಗ ಹಿಮ್ಮಡಿ ನೋವು ಅಥವಾ ಎದೆ, ಬೆನ್ನಿನಲ್ಲಿ ಹಠಾತ್ ತೀವ್ರ ನೋವು ಬಂದರೆ

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

* ನನ್ನದು ಸೋಂಕಿನ ನೋವೇ, ಸೋಂಕಿಲ್ಲದ ನೋವೇ? ಕಲ್ಚರ್ ವರದಿ ಏನು ಹೇಳುತ್ತದೆ?
* ಈ ಮಾತ್ರೆ ಯಾವ ಲಕ್ಷಣಕ್ಕೆ? ಎಷ್ಟು ವಾರ ಸೇವಿಸಬೇಕು?
* ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸಬೇಕು? ಮುಂದಿನ ಹೆಜ್ಜೆ ಏನು?
* ಈಗಾಗಲೇ ಸೇವಿಸುತ್ತಿರುವ ರಕ್ತದೊತ್ತಡ, ಮಧುಮೇಹ, ಹೃದಯದ ಮಾತ್ರೆಗಳೊಡನೆ ಇದು ಹೊಂದುತ್ತದೆಯೇ?
* ಫಿಸಿಯೋಥೆರಪಿ ನನಗೆ ಪ್ರಯೋಜನವಾದೀತೇ?

ನೆಗಡಿಗೆ ಕೊಳ್ಳುವ ಕೆಲವು ಮಾತ್ರೆಗಳೂ ಮೂತ್ರ ಕಟ್ಟುವಂತೆ ಮಾಡಬಲ್ಲವು. ಆದ್ದರಿಂದ ಪ್ರಾಸ್ಟೇಟ್ ತೊಂದರೆಯಿರುವವರು ಆ ವಿಷಯವನ್ನು ಅಂಗಡಿಯಲ್ಲೂ ಹೇಳಬೇಕು. ಹಿಂದೆ ಸೇವಿಸಿದ ಸೋಂಕುನಿವಾರಕಗಳ ಹೆಸರು, ದಿನಗಳ ಸಂಖ್ಯೆ, ಹಳೆಯ ವರದಿಗಳನ್ನು ಒಂದು ಕಡತದಲ್ಲಿಟ್ಟುಕೊಂಡು ವೈದ್ಯರ ಬಳಿಗೆ ಹೋದರೆ ಅದೇ ಮಾತ್ರೆ ಮತ್ತೊಮ್ಮೆ ಬರೆಯುವ ಪ್ರಮೇಯ ತಪ್ಪುತ್ತದೆ. ಖಾಸಗಿ ಆಸ್ಪತ್ರೆಯ ವೆಚ್ಚ ಭರಿಸಲಾಗದವರಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯಿದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಮೊದಲ ತಪಾಸಣೆ ಮಾಡಿಸಿಕೊಳ್ಳಬಹುದು.

ದೀರ್ಘಕಾಲದ ಪ್ರಾಸ್ಟೇಟ್ ನೋವು ಪ್ರಾಣಕ್ಕೆ ಎರವಾಗುವ ಕಾಯಿಲೆಯಲ್ಲ, ಒಂದೇ ವಾರದಲ್ಲಿ ಮಾಯವಾಗುವ ಕಾಯಿಲೆಯೂ ಅಲ್ಲ. ಹೆಚ್ಚಿನವರಲ್ಲಿ ಇದು ಏರಿಳಿತದ ಹಾದಿ ಹಿಡಿಯುತ್ತದೆ. ಕಾರಣಕ್ಕೆ ತಕ್ಕ ಔಷಧ, ಅದಕ್ಕೆ ತಕ್ಕ ಅವಧಿ, ಜೊತೆಗೆ ಸ್ನಾಯು ಮತ್ತು ಮನಸ್ಸಿನ ಆರೈಕೆ ದೊರೆತರೆ ನೋವನ್ನು ಹತೋಟಿಗೆ ತಂದು ನೆಮ್ಮದಿಯಿಂದ ಬದುಕುವುದು ಸಾಧ್ಯ. ಅದರ ಆರಂಭ ಮಾತ್ರ ಅಂಗಡಿಯ ಮಾತ್ರೆಯಿಂದ ಆಗಬಾರದು, ಒಂದು ಮೂತ್ರ ಪರೀಕ್ಷೆಯಿಂದ ಆಗಬೇಕು.